ಅಮ್ಮನನ್ನು ಎತ್ತಿಕೊಂಡ ಆಟ

ಪ್ರೀತಿಯ ಅಕ್ಕ,

ಕಂಪ್ಯೂಟರಿನಲ್ಲಿ ನಾನೊಂದು ಆಟ ಬರೆಯಲು ಶುರು ಮಾಡಿದ್ದೇನೆ. ಅದರಲ್ಲಿ ಚಿತ್ರಗಳಿಲ್ಲ, ಬರೀ ಮಾತು. ಆಡುವವರು ‘ಬಾಗಿಲು ತೆರೆ’ ಎಂದು ಟೈಪ್ ಮಾಡಿದರೆ ಒಳಗೇನಿದೆ ಎಂದು ಆಟ ಹೇಳುತ್ತದೆ. ನಾನು ಬರೆದಷ್ಟೇ ಅಲ್ಲಿ ಜಗತ್ತು. ಮೊದಲಿಗೆ ನೀನೂ ಅಮ್ಮನೂ ಇರುವ ನಮ್ಮ ಮೂರನೇ ಮಹಡಿಯ ಮನೆಯನ್ನೇ ಬರೆದೆ. ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಅಮ್ಮ.

ನಿನ್ನೆ ಆಫೀಸಿನ ಗೆಳತಿಗೆ ಆಡಲು ಕೊಟ್ಟೆ. ಅವಳು ತಮಾಷೆಗೆ ‘ಅಮ್ಮನನ್ನು ಎತ್ತಿಕೋ’ ಎಂದು ಟೈಪ್ ಮಾಡಿದಳು. ಅಮ್ಮ ವಸ್ತುವಲ್ಲ, ಮನುಷ್ಯಳು ಎಂದು ಆಟಕ್ಕೆ ತಿಳಿಸಲು ನಾನು ಮರೆತಿದ್ದೆ. ಅವಳು ಆಗಲೇ ಎತ್ತಿಕೊಂಡಿದ್ದ ಛತ್ರಿ, ಕನ್ನಡಕಗಳ ಜೊತೆ ಅಮ್ಮನೂ ಆಟದೊಳಗಿನ ಅವಳ ಚೀಲ ಸೇರಿದಳು.

“ನಿಮ್ಮಮ್ಮನ್ನ ಹೂ ಎತ್ತಿದ ಹಾಗೆ ಎತ್ಕೊಂಡೆ ಕಣೇ,” ಎನ್ನುತ್ತಾ ಗೆಳತಿ ಆಟದಲ್ಲೇ ಮೆಟ್ಟಿಲಿಳಿದು, ಎಳೆಬಿಸಿಲು ಬಿದ್ದ ಬೀದಿಯಲ್ಲಿ ಹೋಗಿ ನಿಂತಳು. ಹಾಸಿಗೆ ಹಿಡಿದ ಮೇಲೆ ಅಮ್ಮ ಬೀದಿಗಿಳಿದದ್ದು ಅದೇ ಮೊದಲು.

ತಪ್ಪು ತಿದ್ದಲು ಒಂದು ಸಾಲು ಸಾಕು. ಯಾಕೋ ಮನಸ್ಸು ಬರಲಿಲ್ಲ.

ನಿನ್ನ ಸೊಂಟನೋವು ಹೇಗಿದೆ? ಅಮ್ಮನನ್ನು ಎತ್ತಿ ಕೂರಿಸುವಾಗ ಪಕ್ಕದ ಮನೆಯವರನ್ನು ಕರಿ, ಸಂಕೋಚ ಬೇಡ.

ಹಾಗೆಯೇ ಅಮ್ಮನನ್ನು ಒಂದು ಮಾತು ಕೇಳಿ ಬರಿ. ಬೀದಿಯಿಂದ ಮುಂದೆ ಅವಳಿಗೆ ಎಲ್ಲಿಗೆ ಹೋಗಬೇಕಂತೆ? ನಾನಿನ್ನೂ ಅಲ್ಲಿಯವರೆಗೆ ಮಾತ್ರ ಬರೆದಿದ್ದೇನೆ.

ನಿನ್ನ ತಂಗಿ