ಮುಚ್ಚಳ ತೆಗೆದ ತಕ್ಷಣ

ಜೂನ್ ೩, ಬೆಳಿಗ್ಗೆ

ಹಾಲು ಕಾಯಿಸಿದೆ. ಪುಟ್ಟಿಗೆ ಜಡೆ ಹಾಕಿದೆ. ಎಂಟನೇ ಕ್ಲಾಸಿನ ಇಂಗ್ಲಿಷ್ ಪೇಪರ್ ತಿದ್ದುವುದು ಬಾಕಿ. ಇವರು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ. ಸಸ್ಪೆಂಡ್ ಆದಮೇಲೆ ಹೀಗೇ. ಹಾಲಿನ ಡೈರಿಯಲ್ಲಿ ಕ್ಯಾನುಗಳನ್ನು ಪರೀಕ್ಷೆ ಮಾಡಿ ಒಳಗೆ ಬಿಡುವ ಕೆಲಸ ಇವರದು. ಲಂಚ ತಿಂದು ಕೆಟ್ಟ ಹಾಲು ಪಾಸ್ ಮಾಡಿದರಂತೆ, ಹಾಸ್ಟೆಲ್ ಮಕ್ಕಳು ಆಸ್ಪತ್ರೆ ಸೇರಿದವಂತೆ. ನಾನು ನಂಬುವುದಿಲ್ಲ. ಹಾಲಿನ ವಿಷಯದಲ್ಲಿ ಈ ಮನುಷ್ಯ ಕಟ್ಟಿಕೊಂಡವಳಿಗೂ ರಿಯಾಯಿತಿ ತೋರಿಸಿದವರಲ್ಲ.

ಜೂನ್ ೯

ಕ್ಲಾಸಿನಲ್ಲಿ ಇವತ್ತು ಟಾರ್ನಿಷ್, ಟೇಂಟ್ ಎಂಬ ಎರಡು ಇಂಗ್ಲಿಷ್ ಪದ. "ಎರಡೂ ಹೆಸರು ಕೆಡೋದೇ ಅಲ್ವಾ ಮಿಸ್? ಏನು ವ್ಯತ್ಯಾಸ?" ಮುಂದಿನ ಬೆಂಚಿನವಳು. ನಾಳೆ ಹೇಳುತ್ತೇನೆ ಎಂದೆ.

ಸಂಜೆ ಇವರನ್ನೇ ಕೇಳಿದೆ. ಎಷ್ಟೋ ದಿನದ ಮೇಲೆ ಮುಖ ಅರಳಿತು.

"ಕ್ಯಾನ್ ಕಪ್ಪಿಟ್ರೆ ಟಾರ್ನಿಷ್. ಉಜ್ಜಿದ್ರೆ ಹೋಗುತ್ತೆ. ಸೀಮೆಎಣ್ಣೆ ಪಕ್ಕ ಇಟ್ಟ ಹಾಲು ಅದರ ವಾಸನೆ ಹಿಡಿಯುತ್ತಲ್ಲ, ಅದು ಟೇಂಟ್. ನೋಡೋಕೆ ಬೆಳ್ಳಗೇ ಇರುತ್ತೆ. ಮುಚ್ಚಳ ತೆಗೆದ ತಕ್ಷಣ ಮೂಗಿಡಬೇಕು."

"ಆಮೇಲೆ?"

"ಆಮೇಲೇನು, ಚರಂಡಿಗೆ."

"ನಿಮ್ಮದು ಬರೀ ಟಾರ್ನಿಷ್ ಬಿಡಿ," ಎಂದೆ. ನಕ್ಕರು.

ಜುಲೈ ೨೮

ಬರೆಯಲು ಮನಸ್ಸೇ ಇರಲಿಲ್ಲ. ಇವತ್ತು ವಿಚಾರಣೆ ಮುಗಿಯಿತು. ಕೆಟ್ಟಿದ್ದು ಹಾಲಲ್ಲ, ಹಾಸ್ಟೆಲ್ಲಿನ ನೀರಿನ ಟ್ಯಾಂಕ್. ಇವರದು ಏನೇನೂ ತಪ್ಪಿಲ್ಲ. ಸೋಮವಾರದಿಂದ ಡ್ಯೂಟಿ. "ನನ್ನ ಮಗ ಅಪ್ಪಟ ಬಂಗಾರ ಕಣೇ," ಎಂದು ಅತ್ತೆ ಕಣ್ಣೊರೆಸಿಕೊಂಡರು.

ಪಕ್ಕದ ಮನೆಯಾಕೆ ಗೇಟಿನ ಬಳಿ ತಡೆದು, "ಹೇಗೋ ಪಾರಾದ್ರಲ್ಲ, ಬಿಡಿ," ಎಂದಳು. ಹೇಗೋ ಅಂತೆ! ಮೈ ಉರಿದುಹೋಯಿತು. ಒಂದು ಮಾತು ಅಂದು ಬರಬೇಕಿತ್ತು.

ಆಗಸ್ಟ್ ೪, ಸಂಜೆ

ಇವರು ಮೊದಲಿನ ಹಾಗೆ ಡೈರಿಯಿಂದಲೇ ಹಾಲು ತಂದರು, ಪುಟ್ಟ ಕ್ಯಾನಿನಲ್ಲಿ. ಪುಟ್ಟಿ ಲೋಟ ಹಿಡಿದು ಕುಣಿಯುತ್ತಿದ್ದಳು. ಇವರು ಕೈಕಾಲು ತೊಳೆಯಲು ಹೋದರು. ಮುಚ್ಚಳ ತೆಗೆದೆ. ಮೂಗಿಟ್ಟೆ.

ಮದುವೆಯಾದಾಗಿನಿಂದ ಇವರು ತಂದ ಹಾಲನ್ನು ಮೂಸಿದವಳಲ್ಲ ನಾನು. ಇವತ್ತು ಯಾಕೆ... ಗೊತ್ತು ಯಾಕೆ ಅಂತ. ಒಳ್ಳೆಯ ಹಾಲು. ತಲೆಯೆತ್ತಿದರೆ ಬಾಗಿಲಲ್ಲಿ ಇವರು, ಟವೆಲ್ ಹಿಡಿದು.

ಒಳಗೆ ಬಂದರು. ಕ್ಯಾನ್ ತೆಗೆದುಕೊಂಡು ಅಷ್ಟೂ ಹಾಲನ್ನು ಸಿಂಕಿಗೆ ಸುರಿದರು.

"ಅಪ್ಪಾ, ನನ್ನ ಹಾಲು!"

"ಕೆಟ್ಟಿದೆ ಪುಟ್ಟಿ," ಎಂದರು.

ಆಗಸ್ಟ್ ೫, ಬೆಳಿಗ್ಗೆ

ಇವರೇ ಅಂಗಡಿಯಿಂದ ಪ್ಯಾಕೆಟ್ ಹಾಲು ತಂದಿಟ್ಟಿದ್ದರು. ಕಾಯಿಸಿದೆ. ಪುಟ್ಟಿಗೆ ಜಡೆ ಹಾಕಿದೆ. ತಪ್ಪಾಯಿತು ಎನ್ನೋಣವೆಂದು ಹಿತ್ತಲಿಗೆ ಹೋದೆ. ಕ್ಯಾನ್ ಉಜ್ಜುತ್ತಾ ಕೂತಿದ್ದರು. "ಬಿಡಿ, ಹೊಳೀತಿದೆಯಲ್ಲ," ಎಂದೆ. ಅಷ್ಟೇ ಬಾಯಿಗೆ ಬಂದಿದ್ದು.

ತೊಳೆದರು. ಒರೆಸಿದರು. ಮುಚ್ಚಳ ತೆಗೆದು ನನ್ನ ಮುಖದ ಮುಂದೆ ಹಿಡಿದರು.

"ಮೂಸು," ಎಂದರು.

ನಾನು ಇವರ ಕೈಯಿಂದ ಮುಚ್ಚಳ ತೆಗೆದುಕೊಂಡು, ಮೂಸದೆ, ಕ್ಯಾನ್ ಮುಚ್ಚಿದೆ.