ಇರಬಿ ಸಾಲಿಗೆ ಹಿಡಿದ ಬ್ರೇಕು

ಘಟಪ್ರಭಾ
ಸೋಮವಾರ, ೧೩-೧೦-೨೦೦೩

ಪ್ರೀತಿಯ ಸನ್ಮತಿ ಅಣ್ಣಾಗ ನಿನ್ನ ತಂಗಿ ಮಾಡುವ ಜಯಜಿನೇಂದ್ರ.

ಆರಾಮ ಅದಿಯಿಲ್ಲೋ? ಬ್ಯಾಸಗ್ಯಾಗ ಮುನಿ ಮಹಾರಾಜರ ಸಂಘದ ಜೋಡಿ ಬರಿಗಾಲಿಲೆ ನಡದು ಹಿಮ್ಮಡ ಒಡದಾವಂತ ಬರದಿದ್ದಿ, ಈಗ ಹೆಂಗದಾವ? ದಿನಕ್ಕ ಒಂದ ಹೊತ್ತು ಉಣ್ಣಾಕತ್ತಿ, ಸೊರಗಿರಬೇಕು, ನನಗ ಗೊತ್ತೈತಿ. ಅವ್ವ ಆರಾಮ ಅದಾಳ. ಆಬಾಸಾಹೇಬ ಕಾಕಾ ಮೊನ್ನೆ ಬಂದು ಹಸಿ ಶೇಂಗಾ ಕೊಟ್ಟು ಹೋದರು. ನಾನೂ ಆರಾಮ, ಎಡಗೈಗೆ ಹಾಕಿದ ಪ್ಲಾಸ್ಟರ್ ಒಂದು ಬಿಟ್ಟರ. ಗಾಬರಿ ಆಗಬ್ಯಾಡ, ಹೇಳತೇನಿ.

ದೀಪಾವಳಿ ಆದಮ್ಯಾಲ ಮುನಿ ದೀಕ್ಷಾಕ್ಕ ತಿಥಿ ಹಿಡದಾರಂತ ನಿನ್ನ ಪತ್ರ ಬಂತಲ್ಲ, ಅವತ್ತಿನಿಂದ ನನಗ ಕುಂತಲ್ಲಿ ಕುಂದ್ರಾಕಾಗವಲ್ದು, ನಿಂತಲ್ಲಿ ನಿಂದ್ರಾಕಾಗವಲ್ದು. ದೀಕ್ಷಾ ಆತಂದ್ರ ಮನಿ ನಿನ್ನದಲ್ಲ, ಹೆಸರು ಸುದ್ದಾ ಬ್ಯಾರೆ, ನಾ ಎದುರಿಗೆ ಬಂದರ ಕೈ ಮುಗದು ದೂರ ನಿಂದ್ರಬೇಕು. ಮೊದಲ ಗೊತ್ತಿದ್ದದ್ದ ಖರೆ, ಆದ್ರೂ ತಾರೀಖು ಮೂರ ಸಲ ಓದಿದೆ. ಪತ್ರ ಅವ್ವಗ ತೋರಸಲೇ ಇಲ್ಲ, ಜ್ವಾಳದ ಡಬ್ಬಿಯೊಳಗ ಹುಗಿಸಿಟ್ಟೆ. ರೊಟ್ಟಿ ಬಡದರ ಹರಿತಾವ, ಹಾಲಿಟ್ಟರ ಉಕ್ಕಿ ಹೋಗತಾವ. "ಏನ ಹೊಕ್ಕೇತಿ ನಿನಗ?" ಅಂತ ಅವ್ವ ಬೈದಳು. ಶುಕ್ರವಾರ ತಡಿಲಾರದ ನಿನ್ನ ಗೇರ್ ಸೈಕಲ್ ತಗೊಂಡು ಗೋಕಾಕದ ಕಡೆ ಹೊಂಟುಬಿಟ್ಟೆ.

ಗುಡ್ಡದ ಅಡವಿ ದಾರಿ ನೀನ ತೋರಿಸಿದ್ದಲ್ಲ. ಈ ಸಲ ಮಳಿಗೆ ಕೊರದು ಕಲ್ಲೆಲ್ಲ ಮ್ಯಾಲೆದ್ದಾವ. ಒಂದನೇ ಗೇರಿನ್ಯಾಗೂ ಸೈಕಲ್ ಏರವಲ್ದು, ಜಾಲಿ ಮುಳ್ಳು ದುಪಟ್ಟಾ ಜಗ್ಗತಿತ್ತು. ಎರಡ ಕಡೆ ಇಳದು ನೂಕಿದೆ. ನೀ ಇದ್ದಿದ್ರ "ಮಾರಿ ಸಣ್ಣ ಮಾಡಬ್ಯಾಡ, ತುಳಿ" ಅಂತಿದ್ದಿ. ಕಡೀಕ ತುದಿಯ ಕಲ್ಲಬಂಡಿ ಮ್ಯಾಲ ಹೋಗಿ ಕುಂತೆ. ತುಂಬಿದ ಹೊಳಿ, ಧುಮುಕೂ ಧಬಧಬಿ, ತೂಗು ಪೂಲ, ದೂರ ನಮ್ಮ ಸ್ಟೇಶನ್ನಿಗೆ ಹೊಂಟ ಗಾಡಿ, ಎಲ್ಲಾ ಕಂಡವು. ಇಲ್ಲಿ ಬಂದರ ಮನಸಿಗೆ ಸಮಾಧಾನ ಆಗತೈತಂತ ಮಾಡಿದ್ದೆ. ಎಲ್ಲೀ ಸಮಾಧಾನ! ಯಾರೂ ಇಲ್ಲಂತ ಗಳಗಳ ಅತ್ತೆ. ಹೊತ್ತು ಮುಳುಗೂದರಾಗ ಉಣ್ಣಬೇಕು, ಅವ್ವ ನನ್ನ ಬಿಟ್ಟು ಉಣ್ಣಾಂಗಿಲ್ಲ, ಅದಕ್ಕ ಎದ್ದೆ.

ಇಳಿಜಾರಿನ್ಯಾಗ ಮುಂದಿನ ಬ್ರೇಕ್ ಒಮ್ಮೆಲೆ ಹಿಡೀಬ್ಯಾಡಂತ ನೂರ ಸಲ ಹೇಳಿದ್ದಿ. ಅರ್ಧಾ ಇಳದಿದ್ದೆ, ದಾರಿಗೆ ಅಡ್ಡ ಕರೀ ಇರಬಿ ಸಾಲು, ಬೆರಳ ದಪ್ಪ. ಜೈನರ ಮನ್ಯಾಗ ಬೆಳದ ಕೈ ಕೇಳತೈತೇನು? ಎರಡೂ ಬ್ರೇಕ್ ಗಪ್ಪನ ಹಿಡದೆ. ಸೈಕಲ್ ಅಲ್ಲೇ ನಿಂತಿತು, ನಾ ಹ್ಯಾಂಡಲ್ ದಾಟಿ ಹಾರಿದೆ. ಗಾಲಿ ಸಾಲಿಗೆ ತಾಕಲಿಲ್ಲ, ನಾನ ಸೀದಾ ಇರಬಿ ಮ್ಯಾಲ ಬಿದ್ದೆ. ಉಳಸಾಕ ಹೋಗಿ ಎಷ್ಟ ಜೀವ ಅರದ್ನೋ ಏನೋ. ಕೈ ನೋವಿಗಿಂತ ಅದಕ್ಕ ಅಳು ಬಂತು. ಕುರಿ ಮೇಸಾಕ ಬಂದಿದ್ದ ಬೀರಸಿದ್ದಪ್ಪ ಕಾಕಾ ಎಬ್ಬಿಸಿ ರಸ್ತಾಕ ತಂದು ಟೆಂಪೋ ಹತ್ತಿಸಿದರು.

ದವಾಖಾನ್ಯಾಗ ಅವ್ವ ಬೈಲೇ ಇಲ್ಲ. ತಲಿ ಸವರಿ, "ಅಂವ ಸಂಘದ ಬೆನ್ನ ಹತ್ಯಾನ, ನೀ ಗುಡ್ಡದ ಬೆನ್ನ ಹತ್ತಬ್ಯಾಡವಾ. ಅಂವ ಎಲ್ಲಿಗೂ ಹೋಗಾಂಗಿಲ್ಲ. ನಾ ಹೂಂ ಅನ್ನೂ ತನಕ ಮಹಾರಾಜರು ದೀಕ್ಷಾ ಕೊಡಾಂಗಿಲ್ಲ" ಅಂದಳು. ನನಗ ಮಾರಿ ಎತ್ತಿ ನೋಡಾಕಾಗಲಿಲ್ಲ.

ಮಹಾರಾಜರಿಗೆ ನಮ್ಮಿಬ್ಬರ ನಮೋಸ್ತು ಹೇಳು. ಹಿಮ್ಮಡಕ್ಕ ಎಣ್ಣಿ ಹಚ್ಚಿಕೊ, ಹಟ ಮಾಡಬ್ಯಾಡ.

ನಿನ್ನ ತಂಗಿ,
ತ್ರಿಶಲಾ

ತಾ.ಕ.: ಟಪಾಲು ತಗ್ಯೂ ಹೊತ್ತಾತು, ಹೇಳೇಬಿಡತೇನಿ. ಶ್ರಾವಣದಾಗ ಕಳಿಸಿದ ಒಪ್ಪಿಗಿ ಪತ್ರದ ಮ್ಯಾಲಿನ ಸಹಿ ಅವ್ವಂದಲ್ಲ ಅಣ್ಣಾ, ನಂದು. "ಹೆಂಗರ ಮಾಡಿ ಅವ್ವನ್ನ ಒಪ್ಪಸು" ಅಂತ ನೀ ಬರದಿ. ನಾಕ ಸಲ ಕೇಳಿದೆ, ನಾಕೂ ಸಲ ಆಕಿ ಎದ್ದು ಒಳಗ ಹೋದಳು. ನಿನಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ, ನಾನ 'ಪದ್ಮಾವತಿ' ಅಂತ ಗೀಚಿ ಕಳಿಸಿದೆ. ಮಹಾರಾಜರಿಗೆ ಇದ್ದದ್ದ ಇದ್ದಂಗ ಹೇಳು. ತಿಥಿಗಿಂತ ಮೊದಲ ಬಂದು ಅವ್ವನ ಮುಂದ ಕುಂತು ನೀನ ಕೇಳು. ಈ ಪತ್ರ ಟಪಾಲ ಡಬ್ಬಿಗೆ ಹಾಕಿ ಬಂದು ಅವ್ವಗ ಎಲ್ಲಾ ಹೇಳತೇನಿ. ಆಮ್ಯಾಲ ನೀ ಬರೂ ತನಕ ಆಕಿ ನನ್ನ ಜೋಡಿ ಮಾತಾಡಾಂಗಿಲ್ಲ, ಲಗೂನ ಬಾ.