ಅರವತ್ತಮೂರನೆಯ ಹಾಳೆ

ಗೊಳಸಂಗಿ
12 ನವೆಂಬರ್ 2024

ತಂಗಿ ವಿಜಯಲಕ್ಷ್ಮಿಗೆ ನಿನ್ನ ಅಕ್ಕನ ಆಶೀರ್ವಾದ.

ನಿನ್ನೆ ನೀನು ಫೋನಿನಲ್ಲಿ, "ಅಕ್ಕಾ, ಅರವತ್ತಮೂರನೇ ನಂಬರ ಯಾರದು? ಮೊದಲನೇ ಹಾಳಿಗೂ ಎರಡನೇದಕ್ಕೂ ತಾಳನ ಇಲ್ಲಲ್ಲ" ಎಂದು ಕೇಳಿದೆ. ನಾನು ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟೆ. ಹಾಲು ಇರಲಿಲ್ಲ. ನಾನು ಕಲಿತದ್ದು ಹತ್ತನೆಯವರೆಗೆ. ಆದರೂ ದಿನಾ ಡೈರಿ ಬರೆಯುವ ರೂಢಿ ಇದೆ, ಬಾಯಿಗೆ ಬಾರದ್ದು ಕೈಗೆ ಬರುತ್ತದೆ. ಅದಕ್ಕೇ ಈ ಪತ್ರ.

ಅರವತ್ತಮೂರು ನಿನ್ನ ಮಾವ. ನನ್ನ ಮನೆಯವರು.

ಓದಿನ ಕೆಲಸಕ್ಕೆ ಜನರ ಸ್ವಭಾವ ಅಳೆಯುವ ಪ್ರಶ್ನಾವಳಿ ಮಾಡುತ್ತೇನೆಂದು ನೀನು ಬಂದ ದಿನ ಅವರು ಎಷ್ಟು ನಕ್ಕಿದ್ದರು! "ಜ್ವಾಳಾ ಅಳೀಬಹುದು, ತೊಗರಿ ಅಳೀಬಹುದು. ಮನಷ್ಯಾರನ್ನ ಯಾವ ಸೇರಿನಾಗ ಅಳೀತಿ? ಮೊದಲ ನಿಮ್ಮಕ್ಕನ್ನ ಅಳದು ನನಗೊಂದು ಚೀಟಿ ಕೊಡು, ಪುಣ್ಯಾ ಬರ್ತೈತಿ."

ಇಂಡಿ, ಸಿಂದಗಿ, ಮುದ್ದೇಬಿಹಾಳಕ್ಕೆ ನಿನ್ನ ಗೆಳತಿಯರು ಹೋದರು, ಬಸವನ ಬಾಗೇವಾಡಿ ತಾಲೂಕಿನ ನಲವತ್ತು ಜನ ನನ್ನ ಪಾಲಿಗೆ ಬಂದರು. ನಲವತ್ತು ವಾಕ್ಯ, ಒಂದೊಂದಕ್ಕೂ ಹೌದು, ಸ್ವಲ್ಪ, ಇಲ್ಲ ಎಂಬ ಮೂರು ಮನೆ. ಹೆಸರು ಬರೆಯುವಂತಿಲ್ಲ, ನಾಲ್ಕೂ ತಾಲೂಕು ಸೇರಿಸಿ ಹಾಕಿದ ನಂಬರ್ ಮಾತ್ರ. ಹಾಳೆ ಅಚ್ಚಾಗುವ ಮೊದಲು, ಹೊಸಬರೊಡನೆ ಬೇಗ ಬೆರೆಯುತ್ತೇನೆ ಎಂಬುದನ್ನು ಓದಿ ನೋಡಿದಾಗ ಪಕ್ಕದ ಮನೆಯ ಹೊನ್ನವ್ವ ಆಯಿ, "ಈ ಓಣ್ಯಾಗ ಹೊಸಬರು ಯಾರ ಬರ್ತಾರವಾ? ಬಂದ್ರ ಚಾ ಕೊಡ್ತೇನಿ. ಅದಕ್ಕೂ ಒಂದು ನಂಬರ ಐತೇನ?" ಎಂದಿದ್ದಳು. ಅದನ್ನು ಕೇಳಿ ನೀನು ವಾಕ್ಯವನ್ನೇ ಬದಲಿಸಿದೆ.

ಆರು ವಾರ ಬಿಟ್ಟು ಅದೇ ಜನರಿಗೆ ಅದೇ ಪ್ರಶ್ನೆ ಕೇಳಬೇಕು, ಎರಡು ಸಲದ ಉತ್ತರ ಹೊಂದಿದರೆ ಮಾತ್ರ ಪ್ರಶ್ನಾವಳಿಯನ್ನು ನಂಬಬಹುದು ಎಂದು ನೀನು ಹೇಳಿದ್ದೆ. ಆ ಆರು ವಾರದ ನಡುವೆ ಸೆಪ್ಟೆಂಬರ್ ಎರಡು ಬಂತು. ಕೊಲ್ಹಾರದ ಸೇತುವೆಯ ಹತ್ತಿರ ಅವರ ಗಾಡಿ ನಿಂತಿತ್ತು, ಕೀಲಿ ಅದರಲ್ಲೇ ಇತ್ತು. ಕಾಲು ತೊಳೆಯಲು ಹೊಳೆಗೆ ಇಳಿದು ಜಾರಿದರು ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದೆ.

ಎರಡನೆಯ ಸಲ ನಾನು ಹೊಸ್ತಿಲು ದಾಟುವಂತಿರಲಿಲ್ಲ. ಮಾತನಾಡಿಸಲು ಬಂದವರೇ ಹಾಳೆ ತುಂಬಿಕೊಟ್ಟರು. ಹೊನ್ನವ್ವ ಆಯಿ ನನ್ನ ಕೊರಳು ಹಿಡಿದು ಅತ್ತು, ಮೂಗು ಒರೆಸಿಕೊಂಡು, "ಸಾಕ ಮಾಡವಾ. ತಗೀ ನಿನ್ನ ಹಾಳಿ, ಕೇಳು" ಎಂದಳು. ಬಾಗೇವಾಡಿಯವರ ಮನಸ್ಸು ಎರಡನೆಯ ಸಲ ಯಾಕೆ ಇಷ್ಟು ಮೆತ್ತಗಾಗಿದೆ ಎಂದು ನೀನು ಕೇಳಿದ್ದೆ. ಸಾವಿನ ಮನೆಯಲ್ಲಿ ಕೂತು ಕೊಟ್ಟ ಉತ್ತರಗಳವು.

ಮೂವತ್ತೊಂಬತ್ತು ಹಾಳೆ ಆದವು. ಒಂದು ಉಳಿಯಿತು. ಅದನ್ನು ಖಾಲಿ ಕಳಿಸಿದ್ದರೆ ಅವರು ಇಲ್ಲ ಎಂದು ನಾನೇ ಬರೆದುಕೊಟ್ಟಂತೆ ಆಗುತ್ತಿತ್ತು. ಮಧ್ಯಾಹ್ನ ಅವರ ಮಂಚದ ಎದುರು ಕೂತು ಒಂದೊಂದೇ ವಾಕ್ಯ ಗಟ್ಟಿಯಾಗಿ ಓದಿದೆ. ಎಲ್ಲರಿಗೂ ಕಾಯುವಷ್ಟು ಹೊತ್ತು ಅವರಿಗೂ ಕಾದೆ. ಉತ್ತರ ಬಂತು, ವಿಜೂ. ಅವರದೇ ದನಿ. ಕೇಳಿದಂತೆ ಗುರುತು ಹಾಕಿದೆ. ಆಗಸ್ಟಿನಲ್ಲಿ ಅವರು ತುಂಬಿದ ಹಾಳೆಯನ್ನು ನಾನು ನೋಡಿರಲಿಲ್ಲ. ನೋಡುವ ಅಗತ್ಯವೇನು, ಇಪ್ಪತ್ತೆರಡು ವರ್ಷ ಬಾಳಿದವಳು.

ಇಪ್ಪತ್ತಾರು ಕಡೆ ಹೊಂದಿಲ್ಲ ಎಂದು ನೀನು ಹೇಳಿದೆ. ಅಂಥ ಎರಡು ವಾಕ್ಯ ಓದಿಯೂ ಹೇಳಿದೆ. ಮನೆಯಲ್ಲಿ ಎಲ್ಲರೂ ಇದ್ದಾಗಲೂ ಒಂಟಿ ಅನಿಸುತ್ತದೆ: ನಾನು ಇಲ್ಲ ಎಂದಿದ್ದೆ, ಅವರು ಹೌದು. ಬೇರೆಯವರು ನಗಲಿ ಎಂದು ನಗುತ್ತೇನೆ: ಅದಕ್ಕೂ ಹೌದು. ಆಗಿನಿಂದ ಪಡಸಾಲೆಯಲ್ಲಿ ಅವರ ನಗು ಕೇಳಿಸಿದರೆ ಹೆದರಿಕೆಯಾಗುತ್ತದೆ. ಮೊದಲೂ ಕೇಳಿಸುತ್ತಿತ್ತು, ಆಗ ಅದೇ ನನಗೆ ಜೀವ ಹಿಡಿದುಕೊಳ್ಳಲು ಆಸರೆಯಾಗಿತ್ತು. ಈಗ ಅದು ಯಾರ ನಗು ಎಂದು ಗೊತ್ತಾಗುತ್ತಿಲ್ಲ. ಮಂಚದ ಎದುರು ಅವತ್ತು ನನಗೆ ಉತ್ತರ ಕೊಟ್ಟವರು ಯಾರು ಎಂಬುದೂ.

ಪ್ರಶ್ನಾವಳಿಯಲ್ಲಿ ದೋಷವಿದೆಯೇನೋ ಎಂದು ನೀನು ಅಳುವ ದನಿಯಲ್ಲಿ ಹೇಳಿದೆ. ಅದರಲ್ಲಿ ದೋಷವಿಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತದ್ದನ್ನು ಅದು ಹಿಡಿದುಹಾಕಿತು. ಅರವತ್ತಮೂರನ್ನು ಲೆಕ್ಕದಿಂದ ತೆಗೆದುಬಿಡು. ಯಾಕೆಂದು ನಿನ್ನ ಗುರುಗಳು ಕೇಳಿದರೆ ನನ್ನ ಹೆಸರು ಹೇಳು. ಎರಡನೆಯ ಹಾಳೆಯನ್ನು ಹರಿದುಹಾಕು. ಮೊದಲನೆಯದನ್ನು ಮಾತ್ರ ನನಗೆ ಕೊಡು. ಅವರ ಕೈಯ ಗುರುತು ಬೇರೆ ಎಲ್ಲೂ ಉಳಿದಿಲ್ಲ, ಅಷ್ಟಕ್ಕೇ ಕೇಳುತ್ತಿದ್ದೇನೆ.

ಊಟ ಬಿಟ್ಟು ಓದಬೇಡ.

ನಿನ್ನ ಅಕ್ಕ,
ಸುನಂದಾ

ತಾ.ಕ.: ಅಷ್ಟಕ್ಕೇ ಅಲ್ಲ. ಆ ಹಾಳೆಯನ್ನು ನೋಡಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಇಪ್ಪತ್ತೇಳನೆಯ ವಾಕ್ಯವಾದರೂ ಎರಡೂ ಹಾಳೆಯಲ್ಲಿ ಸರಿಯಾಗಿ ಹೊಂದಿದೆ, ಎರಡರಲ್ಲೂ ಇಲ್ಲ ಎಂದಿದೆ ಎಂದೆಯಲ್ಲ. ಯಾರಿಗೂ ಹೇಳದೆ ಎಲ್ಲಾದರೂ ಹೋಗಿಬಿಡಬೇಕು ಅನಿಸುತ್ತದೆ, ಇದು ಆ ವಾಕ್ಯ. ಆಗಸ್ಟಿನಲ್ಲಿ ಅವರು ಹಾಳೆ ಮಡಚಿ ಕೊಟ್ಟಾಗ, ಖಾಲಿ ಬಿಟ್ಟಿದ್ದಾರೇನೋ ಎಂದು ಹಿಂಬದಿ ತಿರುವಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಹೌದು ಎಂದಿತ್ತು. ತಪ್ಪು ತಿಳಿದವರಿಗೆ ಮತ್ತೊಮ್ಮೆ ಓದಿ ಹೇಳಿ ಅವರಿಂದಲೇ ತಿದ್ದಿಸು ಎಂದು ನೀನು ಕಲಿಸಿದ್ದೆ. ಅವರು ಹೊರಗೆ ಕಟ್ಟೆಯ ಮೇಲೇ ಕೂತಿದ್ದರು. ನಾನು ಕೇಳಲಿಲ್ಲ. ಚಾಳೀಸಿನ ಕನ್ನಡಕ ಹಾಕದೆ ಗೀಚಿದ್ದಾರೆ ಎಂದುಕೊಂಡು, ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿ, ಇಲ್ಲ ಎಂದು ಹಾಕಿದೆ. ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡು, ಹೌದು ಎಂಬ ಮನೆಯಲ್ಲಿ ಅಳಿಸಿದ ಗೆರೆ ಇನ್ನೂ ಕಂಡೀತು.